ಬಯಕೆ ಕೇಳುವವರು ಬೇಕು

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಕಡೆ ಮನಸ್ಸಿನ ಬೇಕುಗಳಿಗೆ ಒಂದೇ ಹೆಸರಿಲ್ಲ. ಹೊಸ ಸೀರೆ ಉಟ್ಟು ಗಾಣಗಾಪುರದ ದತ್ತನ ದರ್ಶನಕ್ಕೆ ಹೊರಟವಳದು ಹೌಸಿ. ಅರಬ್ಬಿ ಮೂಲದ ಈ ಮಾತು ಮರಾಠಿಯವರ ಬಾಯಿಂದ ಗಡಿ ದಾಟಿ ಬಂದು ಇಲ್ಲಿಯದೇ ಆಯಿತು. ನಿಜಾಮನ ಆಳ್ವಿಕೆ 1948ಕ್ಕೆ ಮುಗಿದರೂ ಅವನ ಕಚೇರಿಯ ‘ಮರ್ಜಿ’ ಉಳಿಯಿತು. ಮೇಲಿದ್ದವರಿಗೆ ಮರ್ಜಿ, ಕೆಳಗಿದ್ದವರಿಗೆ ಅದನ್ನು ಕಾಯುವ ಕೆಲಸ. ಬಡವರ ಪಾಲಿಗೆ ಬಂದದ್ದು ಆಸೆ.

ಆಸೆಗೆ ನಾವು ಸುಮ್ಮನೆ ಕೆಟ್ಟ ಹೆಸರು ಕಟ್ಟಿದ್ದೇವೆ. ‘ಈ ವರ್ಷ ಮಳಿ ಆಸಿ ಇಲ್ಲ’ ಎನ್ನುವ ರೈತನ ಬಾಯಲ್ಲಿ ಅದು ಭರವಸೆ. ಬುದ್ಧನ ಹೆಸರಲ್ಲಿ ಮಕ್ಕಳಿಗೆ ‘ಆಸೆಯೇ ದುಃಖಕ್ಕೆ ಮೂಲ’ ಎಂದು ಬಾಯಿಪಾಠ ಮಾಡಿಸುತ್ತೇವೆ. ಪಾಲಿಯಲ್ಲಿ ಇರುವ ಮಾತು ‘ತಣ್ಹಾ’, ಅಂದರೆ ಬಾಯಾರಿಕೆ. ಎಷ್ಟು ಕುಡಿದರೂ ಆರದ್ದು. ತೊಗರಿಗೆ ತಕ್ಕ ಬೆಲೆ ಬರಲಿ ಎನ್ನುವವನ ಆಸೆಯನ್ನು ಅದರ ಪಕ್ಕದಲ್ಲಿ ಕೂರಿಸುವುದು ತಪ್ಪು.

ಹೌಸಿ, ಮರ್ಜಿ, ಆಸೆಗಳ ಈ ಸಾಲಿನಲ್ಲಿ ಬಯಕೆಯ ತೂಕವೇ ಬೇರೆ. ಉಳಿದವೆಲ್ಲ ಪಡುವವರಿಗೆ ಸೇರಿದವು. ಬಯಕೆ ಮಾತ್ರ ಕೇಳಿಸಿಕೊಂಡವರ ಮೇಲೆ ಹೊಣೆ ಹೊರಿಸುತ್ತದೆ. ‘ಏನು ತಿನಬೇಕನಸ್ತದವ್ವಾ?’ ಎಂದು ಬಸುರಿಯನ್ನು ಕೇಳದ ಮನೆಯನ್ನು ಊರು ಮೆಚ್ಚುವುದಿಲ್ಲ. ಈ ಹೊಣೆ ಹೊಲಕ್ಕೂ ಹಬ್ಬಿದೆ. ಎಳ್ಳಮಾವಾಸ್ಯೆಯ ಹೊತ್ತಿಗೆ ಎರೆಹೊಲದಲ್ಲಿ ಬಿಳಿಜೋಳ ಹೊಡೆ ತುಂಬಿ ನಿಂತಿರುತ್ತದೆ. ಸಜ್ಜೆರೊಟ್ಟಿ, ಕಡಬು, ಭಜ್ಜಿ, ಅಂಬಲಿ ಬುಟ್ಟಿಯಲ್ಲಿ ಹೊತ್ತು ಬಂದ ಮಂದಿ ತಾವು ಉಣ್ಣುವ ಮೊದಲು ಅದರಲ್ಲೊಂದು ಪಾಲನ್ನು ಬೆಳೆಯ ಸಾಲುಗಳಲ್ಲಿ ಚರಗವಾಗಿ ಚೆಲ್ಲುತ್ತಾರೆ. ಭೂಮಿ ಬಸುರಿ, ಅವಳ ಬಯಕೆ ತೀರಬೇಕು ಎಂಬ ನಂಬಿಕೆ ಅದು. ನೆಲದ ಬಾಯಿರುಚಿಯನ್ನೂ ವಿಚಾರಿಸುವ ಇಂಥ ರೂಢಿ ನಮ್ಮ ದೊಡ್ಡ ಆಸ್ತಿ.

ಆದರೆ ಕೂಲಿಗೆ ಹೋಗುವ ಬಸುರಿಯನ್ನು ಯಾರು ಕೇಳುತ್ತಾರೆ? ಗೋಡೆಯ ಮೂಲೆಯಲ್ಲಿ ಕೂತು ಮಣ್ಣಿನ ಹೆಂಟೆ ಮುರಿದು, ಯಾರೂ ನೋಡದ ಹಾಗೆ ಸೆರಗಿನ ಮರೆಯಲ್ಲಿ ಬಾಯಿಗೆ ಹಾಕಿಕೊಳ್ಳುವವಳನ್ನು ಕಂಡರೆ ಬೈಯುತ್ತೇವೆ. ಮಣ್ಣು ತಿನ್ನಬೇಕೆನಿಸುವುದು ಎಷ್ಟೋ ಸಲ ರಕ್ತಹೀನತೆಯ, ಕಬ್ಬಿಣಾಂಶದ ಕೊರತೆಯ ಗುರುತು ಎಂದು ವೈದ್ಯರು ಹೇಳುತ್ತಾರೆ. ಬಯಕೆಯ ರೂಪದಲ್ಲಿ ಮೈಯೇ ಮಾತಾಡುತ್ತಿದೆ. ಬೈಯುವ ಬದಲು ಅವಳ ರಕ್ತ ಪರೀಕ್ಷೆ ಮಾಡಿಸಬೇಕು.

2017ರ ಅಕ್ಟೋಬರ್‌ನಲ್ಲಿ ರಾಜ್ಯವೆಲ್ಲ ಜಾರಿಗೆ ಬಂದ ಮಾತೃಪೂರ್ಣ ಯೋಜನೆ ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ ತಂದಿತು. ಅನ್ನ, ಸಾಂಬಾರು, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಒಳ್ಳೆಯ ಯೋಜನೆ, ಅದು ನಿಲ್ಲಬಾರದು. ಆದರೆ ಜೋಳದ ರೊಟ್ಟಿ, ಪುಂಡಿ ಪಲ್ಯ ಉಂಡು ಬೆಳೆದವಳಿಗೆ ಸಾಂಬಾರಿನ ವಾಸನೆಗೇ ಹೊಟ್ಟೆ ತೊಳಸಿ ಅವಳು ಎದ್ದುಹೋದರೆ ಲೆಕ್ಕದಲ್ಲಿರುವ ಪೋಷಕಾಂಶ ಅವಳ ಹೊಟ್ಟೆ ಸೇರುವುದಿಲ್ಲ.

ಮೂರೂ ತಾಲ್ಲೂಕುಗಳ ಅಧಿಕಾರಿಗಳಲ್ಲಿ ನಮ್ಮ ಮನವಿ ಇಷ್ಟೆ. ಅಂಗನವಾಡಿಗೆ ಬರುವ ಒಬ್ಬೊಬ್ಬ ಬಸುರಿಯನ್ನೂ ಏನು ತಿನ್ನಬೇಕೆನಿಸುತ್ತದೆ ಎಂದು ಕೇಳಿಸಿ, ಅವಳ ಉತ್ತರವನ್ನು ಅವಳ ತೂಕದ ಪಕ್ಕದಲ್ಲೇ ಬರೆಸಿರಿ. ಊಟದ ಪಟ್ಟಿ ಅದನ್ನು ನೋಡಿ ತಯಾರಾಗಲಿ. ಜೋಳ ಈ ನೆಲದಲ್ಲೇ ಬೆಳೆಯುತ್ತದೆ, ರೊಟ್ಟಿ ಬಡಿಯಬಲ್ಲ ಕೈಗಳು ಊರೂರಲ್ಲಿವೆ.