ಆರೋಪಿಗೂ ವಕೀಲರು ಬೇಕು

ಅತ್ಯಾಚಾರವು ಹೇಯ ಕೃತ್ಯ. ಅಪರಾಧಿಗೆ ಕಠಿಣ ಶಿಕ್ಷೆಯಾಗಬೇಕೆಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಆರೋಪಿಯ ಪರ ಯಾರೂ ವಾದಿಸಕೂಡದೆಂದು ವಕೀಲರ ಸಂಘಗಳೇ ನಿರ್ಣಯಿಸುವುದು ಯಾವ ನ್ಯಾಯ? ಸಂವಿಧಾನದ 22(1)ನೇ ವಿಧಿಯು ಬಂಧಿತನಿಗೆ ತನ್ನ ಆಯ್ಕೆಯ ವಕೀಲರ ನೆರವು ಪಡೆಯುವ ಹಕ್ಕನ್ನು ನೀಡಿದೆ. ಇಂತಹ ನಿರ್ಣಯಗಳು ಅಸಿಂಧುವೆಂದು ಕೊಯಮತ್ತೂರಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ಸಾರಿದೆ.

ಆದರೂ 2019ರಲ್ಲಿ ಹೈದರಾಬಾದ್ ಸಮೀಪ ಪಶುವೈದ್ಯೆಯೊಬ್ಬರ ಅತ್ಯಾಚಾರ ಮತ್ತು ಕೊಲೆ ನಡೆದಾಗ, ಆರೋಪಿಗಳಿಗೆ ನೆರವು ನೀಡದಿರಲು ಶಾದ್‌ನಗರದ ವಕೀಲರ ಸಂಘವು ತೀರ್ಮಾನಿಸಿತು. ಡಿಸೆಂಬರ್ 6ರಂದು ಪೊಲೀಸರು ನಾಲ್ವರನ್ನೂ ಗುಂಡಿಕ್ಕಿ ಕೊಂದರು. ಜನರು ಪೊಲೀಸರ ಮೇಲೆ ಹೂಮಳೆಗರೆದರು. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಯಿತೆಂದೂ, ಸತ್ತವರಲ್ಲಿ ಮೂವರು ಅಪ್ರಾಪ್ತರೆಂದೂ ನ್ಯಾಯಮೂರ್ತಿ ಸಿರ್ಪುರ್ಕರ್ ಆಯೋಗದ ವರದಿಯಿಂದ 2022ರಲ್ಲಿ ಬಹಿರಂಗವಾಯಿತು.

ಇದರಿಂದ ಆ ಸಹೋದರಿಗೆ ದೊರೆತ ನ್ಯಾಯವಾದರೂ ಏನು? ಸಾಕ್ಷ್ಯಗಳು ನ್ಯಾಯಾಲಯದ ಒರೆಗೆ ಬರಲೇ ಇಲ್ಲ. ಸತ್ತವರೇ ಅಪರಾಧಿಗಳೆಂದು ಯಾವ ತೀರ್ಪೂ ಹೇಳಲಿಲ್ಲ. ಆರೋಪಿಯ ವಕೀಲನು ಅಪರಾಧದ ಸಮರ್ಥಕನಲ್ಲ, ಸಾಕ್ಷ್ಯದ ಪರೀಕ್ಷಕ. ಆ ಪರೀಕ್ಷೆಯನ್ನು ಗೆದ್ದ ತೀರ್ಪು ಮಾತ್ರ ಮೇಲ್ಮನವಿಯಲ್ಲೂ ನಿಲ್ಲುತ್ತದೆ. ಆದ್ದರಿಂದ ಸಂತ್ರಸ್ತೆಗೆ ನ್ಯಾಯ ಬೇಕೆನ್ನುವ ನಾವೇ ಆರೋಪಿಗೂ ವಕೀಲರು ಬೇಕೆಂದು ಗಟ್ಟಿಯಾಗಿ ಹೇಳಬೇಕಾಗಿದೆ.