ಮಾತು ತಲುಪದ ವೈರ್‌ಲೆಸ್, ಲೆಕ್ಕಕ್ಕೆ ಸಿಗದ ನಷ್ಟ

ಯಾವುದೇ ಕೈಗಾರಿಕಾ ವಸಾಹತಿನ ಒಂದು ರಸ್ತೆಯಲ್ಲಿ ನಡೆದು ಹೋದರೆ ಹಲವು ಘಟಕಗಳ ಕಾವಲುಗಾರರ ಕೈಯಲ್ಲಿ, ಉಗ್ರಾಣದ ಮೇಲ್ವಿಚಾರಕರ ಸೊಂಟದಲ್ಲಿ ವಾಕಿಟಾಕಿಗಳು ಕಂಡುಬರುತ್ತವೆ. ಇವನ್ನು ಕೊಳ್ಳುವಾಗ ಉದ್ಯಮಿಗಳು ಮೂರು ಕಡೆಯಿಂದ ಕೊಟೇಶನ್ ತರಿಸುತ್ತಾರೆ. ಸೆಟ್ ಒಂದರ ಬೆಲೆ ಎಷ್ಟು, ಬ್ಯಾಟರಿ ಎಷ್ಟು ಗಂಟೆ ಬರುತ್ತದೆ, ವಾರಂಟಿ ಎಷ್ಟು ತಿಂಗಳು ಎಂಬುದನ್ನು ತುಲನಾ ಪಟ್ಟಿಯಲ್ಲಿ ಬರೆದು ಅತಿ ಕಡಿಮೆ ದರದವರಿಗೆ ಆರ್ಡರ್ ನೀಡುತ್ತಾರೆ. ಗೋಡೆಯ ಆಚೆಗಿರುವ ನೆರೆಯ ಘಟಕದ ಸೆಟ್ಟಿನೊಡನೆ ಇದು ಮಾತನಾಡಬಲ್ಲುದೇ ಎಂಬ ಕಾಲಂ ಮಾತ್ರ ಆ ಪಟ್ಟಿಯಲ್ಲಿ ಇರುವುದಿಲ್ಲ.

ದೈನಂದಿನ ವ್ಯವಹಾರದಲ್ಲಿ ಈ ಕೊರತೆ ಯಾರನ್ನೂ ಕಾಡುವುದಿಲ್ಲ. ಒಂದು ಘಟಕದಲ್ಲಿ ಬೆಂಕಿ ಬಿದ್ದ ದಿನ, ಅನಿಲ ಸೋರಿದ ದಿನ, ನೆರೆಯವರು ನೆರವಿಗೆ ಓಡಿ ಬಂದ ದಿನ ಅದು ಎದ್ದು ನಿಲ್ಲುತ್ತದೆ. ಎಲ್ಲರ ಕೈಯಲ್ಲೂ ವೈರ್‌ಲೆಸ್ ಇರುತ್ತದೆ. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವುದಿಲ್ಲ. ಪ್ರತ್ಯೇಕ ವೈರ್‌ಲೆಸ್ ವ್ಯವಸ್ಥೆಗಳನ್ನು ಪರಸ್ಪರ ಜೋಡಿಸುವ ವಿಷಯವು ಪೊಲೀಸ್ ಮತ್ತು ಅಗ್ನಿಶಾಮಕ ಇಲಾಖೆಗಳಿಗೆ ಮಾತ್ರ ಸೇರಿದ್ದಲ್ಲ, ಸಣ್ಣ ಉತ್ಪಾದಕರಿಗೂ ಅಷ್ಟೇ ಸಂಬಂಧಿಸಿದ್ದು. ಮೇಲಾಗಿ ಇದು ಉಪಕರಣದ ಪ್ರಶ್ನೆ ಎನ್ನುವುದಕ್ಕಿಂತ ಮುಂಚಿತವಾಗಿ ಮಾಡಿಕೊಳ್ಳಬೇಕಾದ ಒಪ್ಪಂದದ ಪ್ರಶ್ನೆ.

ನ್ಯೂಯಾರ್ಕ್ ಕಲಿಸಿದ ಪಾಠ

ಈ ವಿಷಯದಲ್ಲಿ ಜಗತ್ತಿನ ಕಣ್ಣು ತೆರೆಸಿದ ಘಟನೆ 2001ರ ಸೆಪ್ಟೆಂಬರ್ 11ರ ನ್ಯೂಯಾರ್ಕ್ ದುರಂತ. ವಿಶ್ವ ವ್ಯಾಪಾರ ಕೇಂದ್ರದ ದಕ್ಷಿಣ ಗೋಪುರ ಬೆಳಿಗ್ಗೆ 9.59ಕ್ಕೆ ಕುಸಿಯಿತು, ಉತ್ತರ ಗೋಪುರ 10.28ಕ್ಕೆ. ನಡುವಿನ 29 ನಿಮಿಷಗಳಲ್ಲಿ ಪೊಲೀಸ್ ಹೆಲಿಕಾಪ್ಟರಿನ ಸಿಬ್ಬಂದಿ ಉತ್ತರ ಗೋಪುರದ ಮೇಲ್ಭಾಗ ಕೆಂಪಗೆ ಕಾದಿರುವುದನ್ನು ಕಂಡು, ಅದು ಬಹಳ ಹೊತ್ತು ನಿಲ್ಲಲಾರದೆಂದು ತಮ್ಮ ವೈರ್‌ಲೆಸ್‌ನಲ್ಲಿ ಎಚ್ಚರಿಸಿದರು. ಪೊಲೀಸರಿಗೆ ಆ ಮಾತು ಕೇಳಿತು. ಅಗ್ನಿಶಾಮಕ ದಳದ ಮುಖ್ಯಸ್ಥರ ವ್ಯವಸ್ಥೆ ಬೇರೆ. ಅವರಿಗೆ ಅದು ಕೇಳಲಿಲ್ಲ. ಆ ದಿನ ಅಗ್ನಿಶಾಮಕ ದಳವು ಕಳೆದುಕೊಂಡವರ ಸಂಖ್ಯೆ 343.

ಅಷ್ಟೂ ಸಾವುಗಳನ್ನು ವೈರ್‌ಲೆಸ್ ದೋಷದ ಖಾತೆಗೆ ಬರೆಯುವುದು ನ್ಯಾಯವಲ್ಲ. 2004ರಲ್ಲಿ ವರದಿ ನೀಡಿದ ತನಿಖಾ ಆಯೋಗವು, ಸೆಟ್ಟುಗಳ ತಾಂತ್ರಿಕ ವೈಫಲ್ಯ ಒಂದು ಕಾರಣವೇ ಹೊರತು ಉತ್ತರ ಗೋಪುರದ ಸಾವುಗಳಿಗೆ ಅದೇ ಮುಖ್ಯ ಕಾರಣವಲ್ಲವೆಂದು ಹೇಳಿದೆ. ಅದೇ ವರದಿಯ ಇನ್ನೊಂದು ಅಂಶ ಉದ್ಯಮಿಗಳು ವಿಶೇಷವಾಗಿ ಗಮನಿಸತಕ್ಕದ್ದು. 1993ರಲ್ಲಿ ಅದೇ ಕಟ್ಟಡದಲ್ಲಿ ಬಾಂಬ್ ಸ್ಫೋಟವಾದ ಬಳಿಕ, ಎತ್ತರದ ಅಂತಸ್ತುಗಳಲ್ಲೂ ಅಗ್ನಿಶಾಮಕ ಸೆಟ್ಟುಗಳು ಕೆಲಸ ಮಾಡಲೆಂದು ಕಟ್ಟಡದ ಒಡೆಯರು ತಮ್ಮ ಖರ್ಚಿನಲ್ಲಿಯೇ ರಿಪೀಟರ್ ಅಳವಡಿಸಿದ್ದರು. 2001ರ ಆ ಬೆಳಿಗ್ಗೆ ಅದಕ್ಕೆ ಸೇರಿದ ಎರಡು ಗುಂಡಿಗಳಲ್ಲಿ ಒಂದನ್ನು ಮಾತ್ರ ಒತ್ತಲಾಗಿತ್ತು. ಉತ್ತರ ಗೋಪುರದ ಕೆಳಮಹಡಿಯಲ್ಲಿದ್ದ ಅಧಿಕಾರಿಗಳು ಪರೀಕ್ಷಿಸಿ ನೋಡಿ, ಯಂತ್ರ ಕೆಟ್ಟಿದೆಯೆಂದು ಭಾವಿಸಿ ಅದನ್ನು ಕೈಬಿಟ್ಟರು. ಹಣ ಖರ್ಚಾಗಿತ್ತು, ಯಂತ್ರ ಸುಸ್ಥಿತಿಯಲ್ಲಿತ್ತು. ಬಳಸುವ ಕ್ರಮ ರೂಢಿಯಾಗಿರಲಿಲ್ಲ.

ಅದೇ ದಿನ ವಾಷಿಂಗ್ಟನ್ ಸಮೀಪದ ಪೆಂಟಗನ್ ಮೇಲೂ ದಾಳಿಯಾಯಿತು. ಅಲ್ಲಿಯೂ ಸಂಪರ್ಕದ ತೊಡಕುಗಳಿದ್ದವು. ಆದರೂ ಅಲ್ಲಿನ ಕಾರ್ಯಾಚರಣೆ ಬಹುಮಟ್ಟಿಗೆ ಯಶಸ್ವಿಯಾಯಿತೆಂದು ಆಯೋಗ ಗುರುತಿಸಿತು. ಸುತ್ತಲಿನ ಇಲಾಖೆಗಳ ನಡುವೆ ಮೊದಲೇ ಬೆಳೆದಿದ್ದ ವಿಶ್ವಾಸ, ಎಲ್ಲರೂ ಒಪ್ಪಿಕೊಂಡಿದ್ದ ಒಂದೇ ಆದೇಶ ಪದ್ಧತಿ, ಇಡೀ ಪ್ರದೇಶವನ್ನು ಒಂದಾಗಿ ಕಾಣುವ ದೃಷ್ಟಿ, ಈ ಮೂರು ಅದಕ್ಕೆ ಕಾರಣಗಳಾಗಿದ್ದವು.

ಜೋಡಿಸುವ ಬಗೆಗಳು

ಎರಡು ಸೆಟ್ಟುಗಳು ಪರಸ್ಪರ ಮಾತನಾಡದಿರಲು ಕಾರಣಗಳು ಸರಳ. ಒಂದು ವಿ.ಎಚ್.ಎಫ್. ಪಟ್ಟಿಯಲ್ಲಿ, ಇನ್ನೊಂದು ಯು.ಎಚ್.ಎಫ್. ಪಟ್ಟಿಯಲ್ಲಿ ಕೆಲಸ ಮಾಡುತ್ತಿರಬಹುದು. ಒಂದು ಹಳೆಯ ಅನಲಾಗ್, ಇನ್ನೊಂದು ಡಿಜಿಟಲ್ ಆಗಿರಬಹುದು. ಎರಡೂ ಡಿಜಿಟಲ್ ಆದರೂ ಒಂದೇ ಮಾನದಂಡದವು ಆಗದಿರಬಹುದು.

ಇದಕ್ಕೆ ಇರುವ ಪರಿಹಾರಗಳು ಮೆಟ್ಟಿಲುಗಳಂತೆ. ಮೊದಲ ಮೆಟ್ಟಿಲು ಸೆಟ್ ವಿನಿಮಯ: ನೆರವಿಗೆ ಬಂದವರ ಕೈಗೆ ತಮ್ಮದೊಂದು ಸೆಟ್ ಕೊಡುವುದು. ಎರಡನೆಯದು ಗೇಟ್‌ವೇ. ಒಂದು ವ್ಯವಸ್ಥೆಯ ರಿಸೀವರಿನಿಂದ ಬಂದ ಧ್ವನಿಯನ್ನು ಇನ್ನೊಂದರ ಟ್ರಾನ್ಸ್‌ಮಿಟರಿಗೆ ದಾಟಿಸುವ ಪೆಟ್ಟಿಗೆಯಿದು. ಮೂರನೆಯದು ಎಲ್ಲರ ಸೆಟ್ಟುಗಳಲ್ಲೂ ಒಂದು ಸಮಾನ ಚಾನೆಲ್ ತುಂಬಿಸಿಡುವುದು. ಕೊನೆಯದು ಒಂದೇ ಮಾನದಂಡದ ಸಾಮಾನ್ಯ ಜಾಲವನ್ನು ಎಲ್ಲರೂ ಬಳಸುವುದು.

ಗೇಟ್‌ವೇ ಎಂದರೆ ಎಲ್ಲ ಸಮಸ್ಯೆಗೂ ಮದ್ದೆಂದು ಮಾರಾಟಗಾರರು ಹೇಳುವುದುಂಟು. ಅದರ ಮಿತಿಗಳನ್ನು ಅರಿತು ಕೊಳ್ಳುವುದು ಲೇಸು. ಜೋಡಣೆಯಾದ ಕೂಡಲೇ ಎರಡೂ ಚಾನೆಲ್‌ಗಳು ಒಂದೇ ಮಾತುಕತೆಗೆ ಮೀಸಲಾಗುತ್ತವೆ. ಒಮ್ಮೆಗೆ ಒಬ್ಬರೇ ಮಾತನಾಡಲು ಸಾಧ್ಯ. ಒಂದು ಕಡೆಯ ರೇಡಿಯೊ ಕೇಳಿಸದ ಜಾಗದಲ್ಲಿ ಜೋಡಣೆಯಿಂದ ಅದು ಕೇಳಿಸತೊಡಗುವುದಿಲ್ಲ. ಗುಂಡಿ ಒತ್ತಿದೊಡನೆ ಮಾತು ಆರಂಭಿಸಿದರೆ ಮೊದಲ ಪದ ತುಂಡಾಗುವ ಸಂಭವವಿದೆ. ‘ಒಳಗೆ ಹೋಗಬೇಡಿ’ ಎಂಬ ಆದೇಶದಲ್ಲಿ ಕೊನೆಯ ಪದ ಗದ್ದಲದಲ್ಲಿ ಅಡಗಿದರೆ ಅರ್ಥವೇ ತಿರುಗುಮುರುಗಾಗುತ್ತದೆ. ಆದ್ದರಿಂದಲೇ ಗುಂಡಿ ಒತ್ತಿ, ಒಂದು ಕ್ಷಣ ತಡೆದು ಮಾತನಾಡುವ, ಕೇಳಿದವರು ಆದೇಶವನ್ನು ಮರಳಿ ಹೇಳುವ ಅಭ್ಯಾಸ ಅಗತ್ಯ.

ಹಣವೊಂದೇ ಉತ್ತರವಲ್ಲ

ಶ್ರೀಮಂತ ರಾಷ್ಟ್ರಗಳು ಈ ಸಮಸ್ಯೆಗೆ ಅಪಾರ ಹಣ ಸುರಿದಿವೆ. ಅಮೆರಿಕದಲ್ಲಿ ಸಾರ್ವಜನಿಕ ಸುರಕ್ಷತಾ ಇಲಾಖೆಗಳ ಸೆಟ್ಟುಗಳಿಗೆ ಸಮಾನ ಡಿಜಿಟಲ್ ಮಾನದಂಡ ರೂಪಿಸುವ ಪ್ರಾಜೆಕ್ಟ್ 25 ಎಂಬ ಯತ್ನ ಆರಂಭವಾದದ್ದು 1989ರಲ್ಲಿ, ಅಂದರೆ ನ್ಯೂಯಾರ್ಕ್ ದುರಂತಕ್ಕೆ 12 ವರ್ಷ ಮೊದಲು. ಯುರೋಪಿನಲ್ಲಿ ಟೆಟ್ರಾ ಮಾನದಂಡ ರೂಪುಗೊಂಡಿತು. 2012ರಲ್ಲಿ ಅಮೆರಿಕದ ಸಂಸತ್ತು ತುರ್ತು ಸೇವೆಗಳಿಗಾಗಿಯೇ ಫಸ್ಟ್‌ನೆಟ್ ಎಂಬ ರಾಷ್ಟ್ರವ್ಯಾಪಿ ಜಾಲಕ್ಕೆ ಅನುಮತಿ ನೀಡಿ 700 ಕೋಟಿ ಡಾಲರ್ ಒದಗಿಸಿತು.

ಇಷ್ಟಾದರೂ ಅಲ್ಲಿನ ಸರ್ಕಾರದ ಸೇಫ್‌ಕಾಮ್ ಕಾರ್ಯಕ್ರಮವು ಪರಸ್ಪರ ಸಂಪರ್ಕಕ್ಕೆ ಬೇಕಾದ ಅಂಶಗಳನ್ನು ಐದು ಎಂದು ಪಟ್ಟಿಮಾಡಿದೆ: ಆಡಳಿತ ಒಪ್ಪಂದ, ಕಾರ್ಯವಿಧಾನ, ತಂತ್ರಜ್ಞಾನ, ತರಬೇತಿ ಹಾಗೂ ಅಣಕು ಅಭ್ಯಾಸ, ನಿತ್ಯ ಬಳಕೆ. ಉಪಕರಣ ಈ ಐದರಲ್ಲಿ ಒಂದು ಮಾತ್ರ. ಉಳಿದ ನಾಲ್ಕಕ್ಕೆ ಬೇಕಾದದ್ದು ಬಹುಪಾಲು ಸಮಯ ಮತ್ತು ಮನಸ್ಸು.

ಮಾತಿನ ಏಕರೂಪತೆಯೂ ಇದರಲ್ಲಿ ಸೇರುತ್ತದೆ. 1970ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಕಾಡ್ಗಿಚ್ಚು 13 ದಿನಗಳಲ್ಲಿ 16 ಜನರನ್ನು ಬಲಿ ತೆಗೆದುಕೊಂಡು ಸುಮಾರು 700 ಕಟ್ಟಡಗಳನ್ನು ಸುಟ್ಟಿತು. ಆಗ ಬೇರೆ ಬೇರೆ ದಳಗಳ ವೈರ್‌ಲೆಸ್ ಮಾತ್ರವಲ್ಲ, ಪರಿಭಾಷೆಯೂ ಬೇರೆಯಾಗಿತ್ತು. ಅದರ ಬಳಿಕ ರೂಪುಗೊಂಡ ಫೈರ್‌ಸ್ಕೋಪ್ ಯೋಜನೆಯು ಸಮಾನ ಪರಿಭಾಷೆಯನ್ನೂ ಒಂದೇ ಆದೇಶ ಪದ್ಧತಿಯನ್ನೂ ರೂಢಿಗೆ ತಂದಿತು. ನಮ್ಮ ಘಟಕಗಳಲ್ಲೂ ಇದೇ ಸ್ಥಿತಿಯಿದೆ. ಒಂದು ಕಾರ್ಖಾನೆಯವರು ‘ಹಿಂದಿನ ಗೇಟು’ ಎನ್ನುವುದನ್ನು ನೆರೆಯವರು ‘ಕೆರೆ ಗೇಟು’ ಎನ್ನುತ್ತಾರೆ. ಒಳಗಿನ ಸಂಕೇತ ಸಂಖ್ಯೆಗಳು ಹೊರಗಿನವರಿಗೆ ತಿಳಿಯುವುದಿಲ್ಲ. ತುರ್ತಿನಲ್ಲಿ ಸರಳ ಕನ್ನಡವೇ ಮೇಲು. ಪರರಾಜ್ಯದ ಕಾರ್ಮಿಕರು ಹೆಚ್ಚಿರುವಲ್ಲಿ ಅವರಿಗೂ ತಿಳಿಯುವ ಹತ್ತಾರು ಪದಗಳನ್ನು ಮೊದಲೇ ಗೊತ್ತುಪಡಿಸಬೇಕು.

ಕಾನೂನಿನ ಚೌಕಟ್ಟು

ಭಾರತದಲ್ಲಿ ವೈರ್‌ಲೆಸ್ ಸೆಟ್ ಎಲ್ಲರೂ ಇಚ್ಛೆಯಂತೆ ಬಳಸುವ ವಸ್ತುವಲ್ಲ. ಫ್ರೀಕ್ವೆನ್ಸಿ ಹಂಚಿಕೆ ದೂರಸಂಪರ್ಕ ಇಲಾಖೆಯ ಡಬ್ಲ್ಯು.ಪಿ.ಸಿ. ವಿಭಾಗಕ್ಕೆ ಸೇರಿದ್ದು. 2018ರ ನಿಯಮಗಳಂತೆ 446.0ರಿಂದ 446.2 ಮೆಗಾಹರ್ಟ್ಸ್‌ವರೆಗಿನ ಅಲ್ಪಶಕ್ತಿಯ ಸೆಟ್ಟುಗಳಿಗೆ ಪರವಾನಗಿಯಿಂದ ವಿನಾಯಿತಿ ಉಂಟು. ಆದರೆ ಉಪಕರಣಕ್ಕೆ ನಿಗದಿತ ಅನುಮೋದನೆ ಇರಲೇಬೇಕು. ಆನ್‌ಲೈನ್ ಮಾರಾಟ ತಾಣಗಳಲ್ಲಿ ನಿಯಮಬಾಹಿರ ವಾಕಿಟಾಕಿಗಳ ಮಾರಾಟವನ್ನು ತಡೆಯಲು 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಮಾರ್ಗಸೂಚಿಗಳನ್ನು ಹೊರಡಿಸಿದೆ. ಅಗ್ಗದ ಸೆಟ್ಟುಗಳನ್ನು ತರಿಸುವ ಮೊದಲು ಬಿಲ್ಲಿನ ಜೊತೆ ಅನುಮೋದನೆಯ ಪ್ರತಿಯನ್ನೂ ಕೇಳಿ ಪಡೆಯುವುದು ವಿವೇಕ. ಎರಡು ಘಟಕಗಳ ವ್ಯವಸ್ಥೆಗಳನ್ನು ಗೇಟ್‌ವೇ ಮೂಲಕ ಜೋಡಿಸುವ ಮುನ್ನ ಪರವಾನಗಿಯ ಷರತ್ತುಗಳನ್ನು ಪರಿಶೀಲಿಸಿ, ಅಗತ್ಯವಿದ್ದಲ್ಲಿ ಅನುಮತಿ ಪಡೆಯಬೇಕು. ಪೊಲೀಸ್ ಅಥವಾ ಅಗ್ನಿಶಾಮಕ ಇಲಾಖೆಯ ಫ್ರೀಕ್ವೆನ್ಸಿಗಳಿಗೆ ಖಾಸಗಿಯವರು ಪ್ರವೇಶಿಸುವಂತಿಲ್ಲ.

ಅಪಾಯಕಾರಿ ರಾಸಾಯನಿಕಗಳನ್ನು ಬಳಸುವ ಪ್ರದೇಶಗಳಿಗೆ ಮಾತುಕತೆಯ ವೇದಿಕೆ ಕಾನೂನಿನಲ್ಲಿಯೇ ಇದೆ. 1996ರ ರಾಸಾಯನಿಕ ಅಪಘಾತಗಳ ನಿಯಮಗಳು ಜಿಲ್ಲಾ ಮತ್ತು ಸ್ಥಳೀಯ ಮಟ್ಟದ ಬಿಕ್ಕಟ್ಟು ನಿರ್ವಹಣಾ ಗುಂಪುಗಳನ್ನು ವಿಧಿಸಿವೆ. ಅಲ್ಲಿ ಅಗ್ನಿಶಾಮಕ, ಪೊಲೀಸ್, ಉದ್ಯಮ ಎಲ್ಲವೂ ಒಂದೇ ಮೇಜಿನ ಸುತ್ತ ಕೂರುತ್ತವೆ. ಯಾರು ಯಾರೊಡನೆ ಯಾವ ಚಾನೆಲ್‌ನಲ್ಲಿ ಮಾತನಾಡಬೇಕೆಂಬುದನ್ನು ಆ ಸಭೆಯ ಕಾರ್ಯಸೂಚಿಗೆ ಸೇರಿಸುವಂತೆ ಉದ್ಯಮಿಗಳು ಕೋರಬಹುದು.

ವೆಚ್ಚವನ್ನು ಹಂಚಿಕೊಳ್ಳುವ ರೀತಿ

ಇಂತಹ ಯೋಜನೆಗಳು ಸಾಮಾನ್ಯವಾಗಿ ‘ಯಾರು ಕೊಡಬೇಕು’ ಎಂಬಲ್ಲಿ ನಿಂತುಹೋಗುತ್ತವೆ. ಅಪಾಯಕಾರಿ ವಸ್ತು ಇಟ್ಟವರೇ ಎಲ್ಲ ಖರ್ಚು ಭರಿಸಲಿ ಎಂದು ಉಳಿದವರು ವಾದಿಸುತ್ತಾರೆ. ಲಾಭ ಎಲ್ಲರಿಗೂ ಇದೆಯೆಂದು ಅವರು ಮರುವಾದ ಹೂಡುತ್ತಾರೆ. ಎರಡರಲ್ಲೂ ಸತ್ಯಾಂಶವಿದೆ. ಆದುದರಿಂದ ಅರ್ಧ ವೆಚ್ಚವನ್ನು ಸಮಪಾಲಾಗಿ, ಉಳಿದರ್ಧವನ್ನು ಅಪಾಯದ ತೂಕಕ್ಕೆ ಅನುಗುಣವಾಗಿ ಹಂಚುವುದು ನ್ಯಾಯಸಮ್ಮತ.

ಉದಾಹರಣೆಗೆ 20 ಘಟಕಗಳ ಸಂಘವೊಂದಕ್ಕೆ 2 ಲಕ್ಷ ರೂಪಾಯಿ ಖರ್ಚಾಗುವುದೆಂದು ಭಾವಿಸೋಣ. 1 ಲಕ್ಷವನ್ನು ಸಮನಾಗಿ ಹಂಚಿದರೆ ತಲಾ 5,000 ರೂಪಾಯಿ. ಉಳಿದ 1 ಲಕ್ಷಕ್ಕೆ, ಹೆಚ್ಚು ಅಪಾಯದ 5 ಘಟಕಗಳಿಗೆ 3ರ ತೂಕ, ಮಿಕ್ಕ 15ಕ್ಕೆ 1ರ ತೂಕ ನೀಡಿದರೆ ಒಟ್ಟು ತೂಕ 30. ಅದರಂತೆ ಹೆಚ್ಚು ಅಪಾಯದ ಘಟಕಕ್ಕೆ ಒಟ್ಟು 15,000, ಇತರ ಘಟಕಕ್ಕೆ ಸುಮಾರು 8,333 ರೂಪಾಯಿ ಬೀಳುತ್ತದೆ. ಉಪಕರಣ ಸಂಘದ ಹೆಸರಿನಲ್ಲಿಯೇ ಇದ್ದು, ಬ್ಯಾಟರಿ ಹಾಗೂ ದುರಸ್ತಿಗೆ ಪ್ರತ್ಯೇಕ ನಿಧಿ ಇರಬೇಕು. ಕೊಂಡ ವರ್ಷದ ಉತ್ಸಾಹ ಮೂರನೆಯ ವರ್ಷಕ್ಕೆ ಉಳಿಯುವುದಿಲ್ಲ. ನಿಧಿಯಿಲ್ಲದ ವ್ಯವಸ್ಥೆ ಕಪಾಟಿನಲ್ಲಿ ಧೂಳು ತಿನ್ನುತ್ತದೆ.

ಎಲ್ಲರ ಬಳಿ ಮೊಬೈಲ್ ಇರುವಾಗ ಇದೇಕೆ ಎಂಬ ಪ್ರಶ್ನೆ ಸಹಜ. ಮೊಬೈಲ್ ಕರೆ ಮೂಲತಃ ಒಬ್ಬರಿಂದ ಒಬ್ಬರಿಗೆ. ವೈರ್‌ಲೆಸ್‌ನಲ್ಲಿ ಒಬ್ಬರ ಎಚ್ಚರಿಕೆ ಆ ಕ್ಷಣವೇ ಹತ್ತು ಜನರಿಗೆ ಮುಟ್ಟುತ್ತದೆ. ದೊಡ್ಡ ದುರಂತದಲ್ಲಿ ಎಲ್ಲರೂ ಒಮ್ಮೆಗೇ ಕರೆ ಮಾಡುವುದರಿಂದ ಮೊಬೈಲ್ ಜಾಲ ಉಸಿರುಗಟ್ಟುತ್ತದೆ. 2001ರಲ್ಲಿ ನ್ಯೂಯಾರ್ಕಿನಲ್ಲಿ ಆದದ್ದೂ ಅದೇ. ಹೊಗೆಯ ನಡುವೆ ಕೈಗವಸು ತೊಟ್ಟು ನಿಂತವರು ವಾಟ್ಸಾಪ್ ಸಂದೇಶ ಓದಲಾರರು.

ಆರಂಭಿಸುವುದು ಎಲ್ಲಿಂದ?

ಮೊದಲ ಹೆಜ್ಜೆಗೆ ಹೆಚ್ಚಿನ ಹಣ ಬೇಕಿಲ್ಲ. ಪ್ರತಿ ವಸಾಹತಿನ ಸಂಘವು ಯಾವ ಘಟಕದಲ್ಲಿ ಎಂತಹ ಸೆಟ್, ಯಾವ ಫ್ರೀಕ್ವೆನ್ಸಿ, ಯಾವ ಪರವಾನಗಿ ಇದೆಯೆಂಬ ಪಟ್ಟಿ ತಯಾರಿಸಲಿ. ಹೊಂದಿಕೆಯಾಗುವ ಸೆಟ್ಟುಗಳಲ್ಲಿ ಕಾನೂನುಬದ್ಧವಾದ ಒಂದು ಸಮಾನ ಚಾನೆಲ್ ಗೊತ್ತುಪಡಿಸಲಿ. ಹೊಂದದವರಿಗಾಗಿ ಮುಖ್ಯ ದ್ವಾರದಲ್ಲಿ ನಾಲ್ಕೈದು ಹೆಚ್ಚುವರಿ ಸೆಟ್ಟುಗಳನ್ನು ಚಾರ್ಜ್ ಮಾಡಿಟ್ಟು, ಧಾವಿಸಿ ಬರುವ ಅಗ್ನಿಶಾಮಕ ಅಧಿಕಾರಿಯ ಕೈಗೂ ಒಂದನ್ನು ಕೊಡುವ ಹೊಣೆಯನ್ನು ಪ್ರತಿ ಪಾಳಿಯಲ್ಲೂ ಒಬ್ಬ ಗೊತ್ತಾದ ವ್ಯಕ್ತಿಗೆ ವಹಿಸಲಿ. ಸುಡುವ ಅನಿಲ ಅಥವಾ ದ್ರಾವಕಗಳಿರುವ ಕಡೆ ಕಿಡಿ ಹಾರದಂತೆ ಪ್ರಮಾಣೀಕರಿಸಿದ ಸೆಟ್ಟುಗಳನ್ನೇ ಬಳಸಲಿ. ಗೇಟ್‌ವೇ ಬೇಕೇ ಎಂಬುದನ್ನು ಒಂದೆರಡು ಅಣಕು ಅಭ್ಯಾಸಗಳ ಬಳಿಕ ತೀರ್ಮಾನಿಸಿದರೆ ಸಾಕು.

ಎಲ್ಲಕ್ಕಿಂತ ಮಿಗಿಲಾಗಿ, ವಾರಕ್ಕೊಮ್ಮೆ ನಿಗದಿತ ಸಮಯದಲ್ಲಿ ಎಲ್ಲ ಘಟಕಗಳೂ ಆ ಚಾನೆಲ್‌ನಲ್ಲಿ ಹಾಜರಿ ಹೇಳುವ ಪದ್ಧತಿ ಆರಂಭವಾಗಲಿ. ಐದು ನಿಮಿಷದ ಆ ಹಾಜರಿಯಿಂದ ಕೆಟ್ಟ ಬ್ಯಾಟರಿ ಪತ್ತೆಯಾಗುತ್ತದೆ, ಹೊಸ ಕಾವಲುಗಾರನಿಗೆ ಗುಂಡಿಯ ಪರಿಚಯವಾಗುತ್ತದೆ, ನೆರೆಯವರ ಧ್ವನಿಯ ಗುರುತಾಗುತ್ತದೆ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ಗಾದೆ ಎಲ್ಲರಿಗೂ ತಿಳಿದದ್ದೇ. ಇಂದು ಹಲವು ವಸಾಹತುಗಳಲ್ಲಿ ಪ್ರತಿ ಮನೆಗೂ ಬಾವಿಯಿದೆ, ಹಗ್ಗ ಮಾತ್ರ ಒಂದರದು ಇನ್ನೊಂದಕ್ಕೆ ಹೊಂದುವುದಿಲ್ಲ. ಮುಂದಿನ ಬಾರಿ ವಾಕಿಟಾಕಿಗೆ ಕೊಟೇಶನ್ ತರಿಸುವಾಗ ಉದ್ಯಮಿಗಳು ತುಲನಾ ಪಟ್ಟಿಗೆ ಇನ್ನೊಂದು ಕಾಲಂ ಸೇರಿಸಿ, ಸಹಿ ಹಾಕುವ ಮೊದಲು ನೆರೆಯ ಘಟಕದವರನ್ನು ಒಮ್ಮೆ ವಿಚಾರಿಸುವುದು ಒಳಿತು.