ಬಲ ಹೆಚ್ಚೋ, ಹಿಡಿತ ಹೆಚ್ಚೋ?

ಹಳೆಯ ಗಾಡಿಗೆ ಹೊಸ ಜೋಡಿ ಹೋರಿಗಳನ್ನು ಹೂಡಿ ಸಂತೆಗೆ ಹೊರಟವನ ಪಾಡು ಹಳ್ಳಿಯವರಿಗೆ ಹೊಸದಲ್ಲ. ನೇರ ದಾರಿಯಲ್ಲಿ ಗಾಡಿ ಹಾರುವಂತೆ ಓಡುತ್ತದೆ. ನೋಡಿದವರೆಲ್ಲ ಶಹಭಾಸ್ ಎನ್ನುತ್ತಾರೆ. ಕೆರೆಯ ಏರಿಯ ತಿರುವು ಬಂದಾಗಲೇ ಅಚ್ಚು, ಕೀಲು, ಮೂಗುದಾರಗಳ ಯೋಗ್ಯತೆ ಬಯಲಾಗುವುದು. ಮನೆಯ ಹಿತ್ತಿಲಿನಲ್ಲಿ ತಾವೇ ಪಂದ್ಯದ ಕಾರನ್ನು ಕಟ್ಟಿಕೊಳ್ಳುವ ಹವ್ಯಾಸಿಗಳ ಮುಂದೆಯೂ ಇದೇ ಪ್ರಶ್ನೆ ನಿಂತಿರುತ್ತದೆ. ಕೈಯಲ್ಲಿರುವ ಹಣದಿಂದ ದೊಡ್ಡ ಎಂಜಿನ್ನನ್ನು ತಂದು ಕೂಡಿಸಬೇಕೇ, ಇರುವ ಕಾರು ಹೇಳಿದಂತೆ ಕೇಳುವ ಹಾಗೆ ಮಾಡಿಕೊಳ್ಳಬೇಕೇ?

ಈ ಪ್ರಶ್ನೆಗೆ ಇಂಗ್ಲೆಂಡಿನಲ್ಲಿ ಒಬ್ಬ ವಿದ್ಯಾರ್ಥಿ ಕೊಟ್ಟ ಉತ್ತರ ಇತಿಹಾಸಕ್ಕೆ ಸೇರಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಕಾಲಿನ್ ಚಾಪ್‌ಮನ್ ಹಳೆಯ ಕಾರುಗಳನ್ನು ಕೊಂಡು ಮಾರುವ ಚಿಕ್ಕ ವ್ಯಾಪಾರವನ್ನೂ ಇಟ್ಟುಕೊಂಡಿದ್ದ. 1947ರಲ್ಲಿ ಸರ್ಕಾರ ಖಾಸಗಿ ವಾಹನಗಳ ಪೆಟ್ರೋಲ್ ಪಡಿತರವನ್ನು ನಿಲ್ಲಿಸಿತು, ವ್ಯಾಪಾರ ಮುಳುಗಿತು. ಮಾರಾಟವಾಗದೆ ಉಳಿದ ಒಂದು ಹಳೆಯ ಆಸ್ಟಿನ್ ಸೆವೆನ್ ಕಾರನ್ನು, ಮುಂದೆ ತನ್ನ ಮಡದಿಯಾಗಲಿದ್ದ ಹೇಜಲ್ ವಿಲಿಯಮ್ಸಳ ತಂದೆಯ ಮನೆಯ ಹಿಂದಿನ ಗ್ಯಾರೇಜಿನಲ್ಲಿಟ್ಟು ಬಿಚ್ಚಿ ಮತ್ತೆ ಕಟ್ಟಿದ. ಭಾವೀ ಅಳಿಯನ ಈ ಗದ್ದಲವನ್ನು ಸಹಿಸಿಕೊಂಡ ಆ ಮನೆಯವರ ತಾಳ್ಮೆಯನ್ನು ಮೆಚ್ಚಲೇಬೇಕು. 1948ರಲ್ಲಿ ಸಿದ್ಧವಾದ ಆ ಕಾರೇ ಮೊದಲನೆಯ ಲೋಟಸ್.

ಆಸ್ಟಿನ್ ಸೆವೆನ್‌ನ ಎಂಜಿನ್ ಕೇವಲ 747 ಘನ ಸೆಂಟಿಮೀಟರಿನದು. ಹತ್ತು ಹನ್ನೊಂದು ಅಶ್ವಶಕ್ತಿಯದು. 750 ಮೋಟಾರ್ ಕ್ಲಬ್ಬಿನ ಪಂದ್ಯಗಳಲ್ಲಿ ಎಲ್ಲರೂ ಅದನ್ನೇ ಬಳಸಬೇಕೆಂಬ ಕಟ್ಟಳೆಯಿತ್ತು. ಅದರಲ್ಲಿ ಎರಡೆರಡು ಸಿಲಿಂಡರುಗಳಿಗೆ ಒಂದೇ ಇಂಧನದ್ವಾರ. ಚಾಪ್‌ಮನ್ ಆ ದಾರಿಯ ನಡುವೆ ತೆಳುವಾದ ತಗಡನ್ನು ಅಡ್ಡವಿಟ್ಟು ನಾಲ್ಕಕ್ಕೂ ಬೇರೆ ಬೇರೆ ದಾರಿ ಮಾಡಿದ, ಚೌಕಟ್ಟನ್ನು ಬಿಗಿಗೊಳಿಸಿದ, ಬೇಡದ ಭಾರವನ್ನೆಲ್ಲ ಇಳಿಸಿದ. 1951ರಲ್ಲಿ ಆ ಕಾರು ಎದುರಾಳಿಗಳನ್ನು ಬಹು ದೂರ ಹಿಂದಿಕ್ಕಿತು. ಮರುವರ್ಷ ಬಂದ ಆರನೆಯ ಮಾದರಿಯಲ್ಲಿ ಉಕ್ಕಿನ ಕೊಳವೆಗಳನ್ನು ಹೆಣೆದು ಮಾಡಿದ ಬರಿಯ ಚೌಕಟ್ಟು ಸುಮಾರು 25 ಕಿಲೋ ತೂಗುತ್ತಿತ್ತು. ಎಂಜಿನ್ನನ್ನು ಮಾತ್ರ ಕೊಂಡವನೇ ಆರಿಸಿ ಕೂಡಿಸಿಕೊಳ್ಳಬೇಕಾಗಿತ್ತು.

ಹಗುರತೆಗೆ ಅಷ್ಟು ಬೆಲೆಯೇಕೆ? ಲೆಕ್ಕ ಸುಲಭವಾಗಿದೆ. ಐವತ್ತು ಮೀಟರ್ ತ್ರಿಜ್ಯದ ಒಂದು ತಿರುವಿನಲ್ಲಿ, ಕಾರಿನ ತೂಕದಷ್ಟೇ ಬಲದಿಂದ ಟೈರುಗಳು ನೆಲವನ್ನು ಕಚ್ಚಿದರೆ, ಗಂಟೆಗೆ 80 ಕಿಲೋಮೀಟರಿಗಿಂತ ವೇಗವಾಗಿ ಸಾಗಲು ಸಾಧ್ಯವಿಲ್ಲ. ಎಂಜಿನ್ ಐವತ್ತು ಅಶ್ವಶಕ್ತಿಯದಾದರೂ ಅಷ್ಟೇ, ಐನೂರರದಾದರೂ ಅಷ್ಟೇ. ನೇರ ದಾರಿಯಲ್ಲಿ ಬಲಕ್ಕೆ ಬೆಲೆಯುಂಟು, ನಿಜ. ಆದರೆ ಗಾಳಿಯ ತಡೆಯನ್ನು ಮೀರಲು ಬೇಕಾಗುವ ಶಕ್ತಿ ವೇಗದ ಘನದಂತೆ ಏರುವುದರಿಂದ, ಶಕ್ತಿ ಇಮ್ಮಡಿಯಾದರೂ ಗರಿಷ್ಠ ವೇಗ ಹೆಚ್ಚುವುದು ಕಾಲು ಭಾಗದಷ್ಟು ಮಾತ್ರ. ನೂರರ ವೇಗ ನೂರಿಪ್ಪತ್ತಾದರೆ ಬ್ರೇಕು ನುಂಗಬೇಕಾದ ಶಕ್ತಿ ಶೇಕಡ 44ರಷ್ಟು ಏರುತ್ತದೆ. ದೊಡ್ಡ ಎಂಜಿನ್ನಿನ ಭಾರವೆಲ್ಲ ಮೂತಿಯ ಮೇಲೆ ಬಿದ್ದಾಗ ಮುಂದಿನ ಟೈರುಗಳ ಹಿಡಿತ ಆ ಭಾರಕ್ಕೆ ಸರಿಯಾಗಿ ಬೆಳೆಯುವುದಿಲ್ಲ. ಚಕ್ರ ತಿರುಗಿಸಿದರೂ ಕಾರು ಮಾತ್ರ ಹೊರಗೇ ಜಾರುತ್ತದೆ.

ಹಾಗಾದರೆ ದೊಡ್ಡ ಎಂಜಿನ್ ಕೂಡಿಸುವುದೇ ತಪ್ಪೇ? ಅಲ್ಲವೆಂಬುದಕ್ಕೂ ಸಾಕ್ಷಿಯಿದೆ. ಇಂಗ್ಲೆಂಡಿನ ಎ.ಸಿ. ಕಂಪನಿಯ ‘ಏಸ್’ ಎಂಬ ಪುಟ್ಟ ಕಾರಿಗೆ 1953ರಲ್ಲಿ ಎರಡು ಲೀಟರಿನ ಎಂಜಿನ್ ಇತ್ತು. ಅಮೆರಿಕದ ಕ್ಯಾರಲ್ ಶೆಲ್ಬಿ 1962ರಲ್ಲಿ ಅದೇ ಚೌಕಟ್ಟನ್ನು ಬಲಪಡಿಸಿ ಫೋರ್ಡಿನ 4.2 ಲೀಟರ್ ಎಂಟು ಸಿಲಿಂಡರ್ ಎಂಜಿನ್ನನ್ನು ಇಳಿಸಿದ. ತೆಳು ಗೋಡೆಯ ಎರಕದಿಂದಾದ ಆ ಎಂಜಿನ್ ತನ್ನ ಗಾತ್ರಕ್ಕೆ ಬಹಳ ಹಗುರ. ಹಾಗೆಯೇ ಹುಟ್ಟಿದ್ದು ‘ಕೋಬ್ರಾ’. ಸ್ಟಿಯರಿಂಗಿನ ಹಳೆಯ ಏರ್ಪಾಡು ಮರುವರ್ಷವೇ ಬದಲಾಯಿತು. ಆಸೆ ಅಲ್ಲಿಗೆ ನಿಲ್ಲಲಿಲ್ಲ. 1965ರಲ್ಲಿ ಏಳು ಲೀಟರಿನ ಎಂಜಿನ್ ಬಂತು. ಈ ಸಲ ಹಳೆಯ ಚೌಕಟ್ಟು ತಾಳಲಾರದೆಂದು ಚಾಸಿಯ ಕೊಳವೆಗಳನ್ನು ದಪ್ಪ ಮಾಡಬೇಕಾಯಿತು. ಪಟ್ಟಿ ಸ್ಪ್ರಿಂಗುಗಳ ಬದಲು ಸುರುಳಿ ಸ್ಪ್ರಿಂಗುಗಳನ್ನು ತರಬೇಕಾಯಿತು. ಎಂಜಿನ್ ಬದಲಿಸಲು ಹೊರಟವರು ಕಾರನ್ನೇ ಬದಲಿಸಿದರು! ಇಷ್ಟಾದರೂ ಆ ವರ್ಷ ಜಿ.ಟಿ. ವರ್ಗದ ವಿಶ್ವ ಪ್ರಶಸ್ತಿಯನ್ನು ಶೆಲ್ಬಿಗೆ ಗೆದ್ದುಕೊಟ್ಟದ್ದು ಏಳು ಲೀಟರಿನ ದೈತ್ಯನಲ್ಲ, 4.7 ಲೀಟರಿನ ಹಳೆಯ ಕೋಬ್ರಾಗಳೇ.

ಹಗುರತೆಯ ಮೋಹಕ್ಕೂ ಮೇರೆಯುಂಟು. ಚಾಪ್‌ಮನ್‌ನ ಲೋಟಸ್ 1963ರಿಂದ 1978ರವರೆಗೆ ಏಳು ಸಲ ಫಾರ್ಮುಲಾ ಒನ್ ತಯಾರಕರ ಪ್ರಶಸ್ತಿಯನ್ನು ಗೆದ್ದಿತು. ಆದರೆ ಆ ಕಾರುಗಳು ಬಲು ನಾಜೂಕೆಂದು ಅವನ್ನು ಓಡಿಸುತ್ತಿದ್ದ ಯೋಕೆನ್ ರಿಂಟ್ 1969ರಲ್ಲಿ ಚಾಪ್‌ಮನ್‌ಗೆ ಕಾಗದ ಬರೆದು ಆತಂಕ ತೋಡಿಕೊಂಡಿದ್ದ. ಮರುವರ್ಷ ಸೆಪ್ಟೆಂಬರಿನಲ್ಲಿ ಇಟಲಿಯ ಮೋಂಜಾದಲ್ಲಿ, ಪಂದ್ಯಕ್ಕೆ ಮುನ್ನಿನ ಓಟದಲ್ಲಿ, ಬ್ರೇಕು ಹಾಕುವ ಹೊತ್ತಿಗೇ ಕಾರು ಹಿಡಿತ ತಪ್ಪಿ ರಿಂಟ್ ಪ್ರಾಣ ಕಳೆದುಕೊಂಡ. ಮುಂದಿನ ಬ್ರೇಕಿನ ದಂಡ ಮುರಿದಿತ್ತು. ಆ ವರ್ಷದ ವಿಶ್ವ ಪ್ರಶಸ್ತಿ ಅವನಿಗೇ ಸಂದಿತು. ಅದನ್ನು ಕೈಯಲ್ಲಿ ಹಿಡಿಯಲು ಅವನಿರಲಿಲ್ಲ.

ಆದ್ದರಿಂದ ಮನೆಯಲ್ಲೇ ಕಾರು ಕಟ್ಟುವ ತರುಣ ಲೆಕ್ಕವನ್ನು ನೆಲದಿಂದ ಮೇಲಕ್ಕೆ ಹಾಕಬೇಕು. ಮೊದಲು ಒಳ್ಳೆಯ ಟೈರು, ಬ್ರೇಕು. ಬಳಿಕ ಸ್ಪ್ರಿಂಗು, ಚೌಕಟ್ಟಿನ ಬಿಗಿ, ಸವಾರನನ್ನು ಕಾಯುವ ಪಂಜರ. ಇವೆಲ್ಲ ಸಾಕೆನಿಸಿ, ತಿರುವುಗಳಲ್ಲಿ ಕೈ ಪಳಗಿ, ನೇರ ದಾರಿಯಲ್ಲಿ ಮಾತ್ರ ಹಿಂದೆ ಬೀಳುವಂತಾದಾಗ ಎಂಜಿನ್ನಿನ ಯೋಚನೆ ಸಲ್ಲುತ್ತದೆ. ಆಗಲೂ ಅಶ್ವಶಕ್ತಿಯನ್ನು ಕೇಳುವ ಮೊದಲು ಅದರ ತೂಕವನ್ನು ಕೇಳುವುದು ಲೇಸು. ಗೇರುಪೆಟ್ಟಿಗೆ, ರೇಡಿಯೇಟರು, ಹಿಂದಿನ ಅಚ್ಚು ಇವುಗಳ ಬೆಲೆಯನ್ನೂ ಅದೇ ಚೀಟಿಯಲ್ಲಿ ಬರೆದುಕೊಳ್ಳಬೇಕು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಮನೆಯ ಹಿರಿಯರು ಹೇಳುವುದು ಖರ್ಚಿನ ವಿಷಯದಲ್ಲಿ. ಮೋಟಾರಿನ ವಿಷಯದಲ್ಲಿ ಅದಕ್ಕೆ ಇನ್ನೊಂದು ಅರ್ಥವೂ ಕೂಡುತ್ತದೆ. ಪಂದ್ಯ ಮುಗಿದ ಸಂಜೆ ಮಗ ನಗುತ್ತಾ ಮನೆಗೆ ಬರಲೆಂದು ಬಾಗಿಲಲ್ಲಿ ಕಾದು ನಿಂತ ತಾಯಿ, ಕಾರು ಎಷ್ಟು ಬೇಗ ಓಡಿತೆಂದು ಕೇಳುವವಳಲ್ಲ; ಹೇಳಿದಲ್ಲಿ ನಿಂತಿತೇ ಎಂದು ಕೇಳುವವಳು.